ಪಂಪು ಕೇಳಿದ ಮಗ

ಮಾರ್ಚ್ 4
ಇವತ್ತೂ ಕರೆಂಟಿಲ್ಲ. ಅಂಗಡಿ ತೆಗೆದು ಫೋನಿನಲ್ಲೇ ಇಮೇಲ್ ನೋಡಿದೆ. ಜೋಹಾನ್ಸ್‌ಬರ್ಗಿನ ಯೂನಿವರ್ಸಿಟಿಯಿಂದ ಆರ್ಡರ್ — ಡೀಸೆಲ್ ಪಂಪು ಹನ್ನೆರಡು. ಹಣ ಮಾತ್ರ ತಿಂಗಳಾದ ಮೇಲೆ. ಎಲ್ಲೋ ದೂರದ ಬಟರ್‌ವರ್ತ್ ಊರಿನ, ಪಂಪು-ಪೈಪು ಮಾರುವ ನಮ್ಮ ಈ ಗೂಡಂಗಡಿ ಅವರಿಗೆ ಹೇಗೆ ಗೊತ್ತಾಯಿತೋ! ಪಂಪು ಸಾಲಕ್ಕೆ ತರಿಸಬೇಕು.

ಮಾರ್ಚ್ 6
ಯೂನಿವರ್ಸಿಟಿಯ ಖರೀದಿ ವಿಭಾಗದವನ ಫೋನ್. ಹೆಸರು ಮಖಾಯಾ. ನನ್ನ ತವರಿನ ಕುಲ ಯಾವುದೆಂದು ಕೇಳಿದ. ಮಾಂಪಿಂಗಾ ಅಂತ ಹೇಳಿದೆ.
"ಅಯ್ಯೋ, ನಮ್ಮಮ್ಮನೂ ಮಾಂಪಿಂಗಾನೇ! ಹಾಗಾದ್ರೆ ನೀವು ನಂಗೆ ಚಿಕ್ಕಮ್ಮ ಆಗ್ಬೇಕು."
ಕುಲದ ಹಿರಿಯರ ಹೆಸರುಗಳನ್ನೆಲ್ಲ ಸರಸರನೆ ಹೇಳಿಬಿಟ್ಟ. ನನಗೇ ಮರೆತವೂ ಇದ್ದವು. ಇನ್ನು ಗುರುತಿನ ಚೀಟಿ ಕೇಳುವುದು ಹೇಗೆ? ಅಕ್ಕನ ಮಗನನ್ನು ಯಾರಾದರೂ ಕೇಳುತ್ತಾರೆಯೇ?

ಮಾರ್ಚ್ 12
ಝೋಲಿಲೆ ಪಂಪು ತಲುಪಿಸಿ ಬಂದ. ಈ ವಯಸ್ಸಿನಲ್ಲಿ ನನ್ನ ಗಂಡನಿಗೆ ಅಷ್ಟು ದೂರ ಗಾಡಿ ಓಡಿಸುವುದು ಬೇಕಿತ್ತೇ... ಸೊಂಟ ಹಿಡಿದಿದೆ.
"ಯೂನಿವರ್ಸಿಟಿ ಅಂತೀಯ, ಅಲ್ಲಿ ನೋಡಿದ್ರೆ ಬರೀ ಗೋಡೌನು ಕಣೇ. ಒಂದು ಪುಸ್ತಕ ಕಾಣ್ಲಿಲ್ಲ."
"ಪಂಪನ್ನ ಲೈಬ್ರರೀಲಿ ಇಡ್ತಾರಾ?" ಅಂದೆ. ನಕ್ಕ. ನಾನೂ ನಕ್ಕೆ.

ಏಪ್ರಿಲ್ 15
ಹಣ ಬರಲಿಲ್ಲ. ಯೂನಿವರ್ಸಿಟಿಯ ನಂಬರು ಬೇರೆ ಕಡೆ ಹುಡುಕಿ ಫೋನ್ ಮಾಡಿದೆ. ಎತ್ತಿದವಳು ನಿಟ್ಟುಸಿರುಬಿಟ್ಟಳು.
"ಅಮ್ಮಾ, ನಾವು ಯಾವ ಪಂಪೂ ತರಿಸಿಲ್ಲ. ಆ ಇಮೇಲೂ ನಮ್ದಲ್ಲ. ದಿನಾ ಯಾರಾದ್ರೂ ಒಬ್ರು ನಿಮ್ಮ ಹಾಗೇ ಫೋನ್ ಮಾಡ್ತಾರೆ."
ಠಾಣೆಯಲ್ಲಿ ದೂರು ಕೊಟ್ಟು ಬಂದೆವು. ಪಂಪು ಕೊಟ್ಟ ಕಂಪನಿಗೆ ಈಗ ಅಂಗಡಿಯನ್ನೇ ಬಿಟ್ಟುಕೊಡಬೇಕು. ಝೋಲಿಲೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಾಕಾಗಿದೆ.

ಮೇ 2
ಅವನೇ ಫೋನ್! ಇನ್ನಷ್ಟು ಪಂಪು ಬೇಕಂತೆ. ಹಳೆಯ ಹಣ "ಈ ವಾರ ಖಂಡಿತ, ಚಿಕ್ಕಮ್ಮ." ಪೊಲೀಸರು ಹೇಳಿಕೊಟ್ಟಂತೆ ಅಂದೆ — "ನಿನ್ನ ಚಿಕ್ಕಪ್ಪನಿಗೆ ಸೊಂಟ ನೋವಪ್ಪ. ನೀನೇ ಬಂದು ತಗೊಂಡು ಹೋಗು."
"ಬರ್ತೀನಿ. ಅಮ್ಮನ ಸಮಾಧೀನೂ ಆ ಕಡೇನೇ ಇದೆ. ಚಿಕ್ಕಪ್ಪಂಗೆ ಭಾರ ಎತ್ತೋಕೆ ಬಿಡ್ಬೇಡಿ."
ಫೋನಿಟ್ಟ ಮೇಲೆ ಅಳು ಬಂತು. ಯಾಕೆಂದು ತಿಳಿಯಲಿಲ್ಲ.

ಮೇ 6
ಇನ್‌ಸ್ಪೆಕ್ಟರ್ ಇನ್ನೂ ಎಳೆಯ. "ನಾಳೆ ನಾವು ಎದುರಿನ ಮಾಂಸದಂಗಡೀಲಿ ಇರ್ತೀವಿ. ಬಂದವನು ಅವನೇ ಅಂತ ಗೊತ್ತಾದ ತಕ್ಷಣ ತಲೆಗೆ ಕಟ್ಟಿರೋ ಬಟ್ಟೆ ತೆಗೀರಿ. ಅದೇ ಸನ್ನೆ."
"ಬೀದೀಲಿ? ಗಂಡಸರ ಮುಂದೆ? ನಿಮ್ಮಮ್ಮನಿಗೂ ಹೀಗೇ ಹೇಳ್ತೀಯೇನಪ್ಪಾ?"
"ಅದಕ್ಕೇ ಅಮ್ಮ. ಅಪ್ಪಿತಪ್ಪಿಯೂ ಯಾರೂ ತೆಗೆಯಲ್ವಲ್ಲ."
ಮದುವೆಯಾದಾಗಿನಿಂದ ಬರಿದಲೆಯಲ್ಲಿ ಹೊಸ್ತಿಲು ದಾಟಿದವಳಲ್ಲ ನಾನು.

ಮೇ 7, ಸಂಜೆ
ಬಂದ. ಸಣಕಲು. ತೋಳು ಸವೆದ ಕೋಟು. "ಚಿಕ್ಕಮ್ಮಾ" ಅಂದ. ಅದೇ ದನಿ. ಚಿಕ್ಕಪ್ಪನ ಸೊಂಟಕ್ಕೆಂದು ಒಂದು ಮುಲಾಮಿನ ಡಬ್ಬಿ ಕೈಗಿಟ್ಟ.
ಬಟ್ಟೆ ತೆಗೆದೆ. ನರೆತ ತಲೆಗೆ ಗಾಳಿ ತಾಗಿತು. ನಾಚಿಕೆಯಿಂದ ಸತ್ತುಹೋದೆ.
ಎದುರಿನ ಮಾಂಸದಂಗಡಿಯಿಂದ ಪೊಲೀಸರು ಹೊರಟರು. ತಲೆ ಎತ್ತಿದ್ದರೆ ಅವನಿಗೆ ಕಾಣುತ್ತಿತ್ತು. ಓಡಬಹುದಿತ್ತು. ಎತ್ತಲಿಲ್ಲ. ತಾಯಿಯಂಥವಳ ಬರಿದಲೆ ನೋಡಬಾರದೆಂದು ನೆಲ ನೋಡುತ್ತ ನಿಂತಿದ್ದ. ಅವರು ತೋಳು ಹಿಡಿಯುವವರೆಗೂ.
ನಮ್ಮ ಪಂಪುಗಳು ಗೋಡೌನಿನಲ್ಲಿ ಇನ್ನೂ ಇವೆಯಂತೆ. ಅಂಗಡಿ ಉಳಿಯುತ್ತದೆ.
ಝೋಲಿಲೆ ಒಳಗಿಂದ ಕರೆಯುತ್ತಿದ್ದಾನೆ, ಸೊಂಟಕ್ಕೆ ಏನಾದರೂ ಹಚ್ಚು ಅಂತ. ಮನೆಯಲ್ಲಿರುವುದು ಆ ಡಬ್ಬಿ ಒಂದೇ. ಮುಚ್ಚಳ ತೆಗೆಯಲು ಮನಸ್ಸು ಬರುತ್ತಿಲ್ಲ.