ಕೆನ್ನೆಯ ಗಂಟನ್ನು ಇನ್ನು ಮುಟ್ಟಬೇಡ

ಮಾರ್ಚ್ 12, ಗುರುವಾರ, ಬೆಳಿಗ್ಗೆ 6.40

ತಮ್ಮಾ,

ನನ್ನ ಮಗಳ ಕೆನ್ನೆಯಲ್ಲಿರುವುದು ಮೊಡವೆಯಲ್ಲ. ಕೂದಲಿನ ಬುಡದ ಜೀವಕೋಶಗಳು ಬೆಳೆದು, ಸುಣ್ಣಗಟ್ಟಿ ಕಲ್ಲಿನಂತಾದ ಗಂಟು. ಕ್ಯಾನ್ಸರ್ ಅಲ್ಲ, ಆದರೆ ಕೊಯ್ದು ತೆಗೆಯದೆ ಹೋಗುವುದಿಲ್ಲ. ಇದೆಲ್ಲ ಸ್ಕ್ಯಾನ್ ವರದಿಯಲ್ಲೇ ಇತ್ತು. ನೀನು ಅದರ ಮೇಲೆ ಚಹಾ ಲೋಟ ಇಟ್ಟಿದ್ದೆ.

"ಹಿಂಡಿದ್ರೆ ಕೀವು ಬರುತ್ತೆ ಅಂದ ಮಾಮ, ಬರೀ ರಕ್ತ ಬಂತು" ಎಂದಳು ಅವಳು. ಔಷಧದಂಗಡಿಯಲ್ಲಿ ಎರಡು ವರ್ಷ ಡಬ್ಬ ಜೋಡಿಸಿದ್ದಕ್ಕೇ ವೈದ್ಯನಾಗಿಬಿಟ್ಟೆ. ಅಲ್ಪವಿದ್ಯಾ ಮಹಾಗರ್ವಿ.

ಎಂಟಕ್ಕೆ ತಿಂಡಿಯಾದ ಮೇಲೆ ಮಾತ್ರೆ ಕೊಡು. ಮುಲಾಮು ಅವಳೇ ಹಚ್ಚಿಕೊಳ್ಳುತ್ತಾಳೆ. ಒಂಬತ್ತು ವರ್ಷದವಳಾದರೂ ಮೊದಲು ಕೈ ತೊಳೆಯಬೇಕೆಂದು ಅವಳಿಗೆ ಗೊತ್ತು.

ನೀನು ಹಿಂಡಿದ ಕಡೆ ಸೋಂಕಾಗಿ, ಈಗ ಚರ್ಮವೂ ಗಂಟಿಗೆ ಅಂಟಿಕೊಂಡಿದೆ. ಒಂದು ಸೆಂಟಿಮೀಟರ್ ಕೊಯ್ದರೆ ಸಾಕು ಎಂದಿದ್ದ ಡಾಕ್ಟರು, ನಿನ್ನೆ ಅವಳ ಕೆನ್ನೆಯ ಮೇಲೆ ಪೆನ್ನಿನಿಂದ ಹೊಸ ಗೆರೆ ಎಳೆದು ಅಳೆದರು. ಎರಡೂವರೆ ಸೆಂಟಿಮೀಟರ್.