ಆ ಮುಚ್ಚಳ ಝುಹೈರನದಲ್ಲ

ಜಾಗತಿಕ ಆವಿಷ್ಕಾರ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಸ್ಫಾಕ್ಸ್ ಊರಿನ ನಮ್ಮ ಸಂಶೋಧನಾ ಕೇಂದ್ರಕ್ಕೆ ನೀವು ಬೀಗ ಜಡಿದು ವರ್ಷವಾಯಿತು. ರವೆಯನ್ನು ಹಬೆಯಲ್ಲಿ ಬೇಯಿಸುವ ಯಾವ ವಿದ್ಯುತ್ ಕುಸ್ಕುಸ್ ಪಾತ್ರೆಯ ನೆಪ ಹೇಳಿ ಜಡಿದಿರೋ, ಅದೇ ಪಾತ್ರೆಯ ಉಪಾಯಕ್ಕೆ ಈಗ ನಿಮ್ಮ ಹೆಸರಿನಲ್ಲಿ ಪೇಟೆಂಟ್ ಕೇಳಲು ಹೊರಟಿದ್ದೀರಂತೆ. ಮುಂದಿನ ವಾರ ಅರ್ಜಿ ಹೋಗುತ್ತದಂತೆ. ನಿಮ್ಮ ಕಚೇರಿಯಲ್ಲಿ ಇನ್ನೂ ನಾಚಿಕೆ ಉಳಿಸಿಕೊಂಡಿರುವ ಒಬ್ಬರು ನನಗೆ ತಿಳಿಸಿದರು. ಆ ಉಪಾಯವನ್ನು ಕಂಡುಹಿಡಿದ ಎಂಜಿನಿಯರ್ ಝುಹೈರ್ ಗರ್ಗೂರಿ ಮಾತ್ರ ಇಂದಿಗೂ ಕೆಲಸವಿಲ್ಲದೆ ಅಲೆಯುತ್ತಿದ್ದಾನೆ. ನಾನು ಆ ಕೇಂದ್ರ ನಡೆಸುತ್ತಿದ್ದವಳು, ಅವನ ಮೇಲಧಿಕಾರಿ. ಪತ್ರಿಕೆಯಲ್ಲಿ ಈ ಬಹಿರಂಗ ಪತ್ರವನ್ನು ಸೇಡಿಗಾಗಿಯೇ ಬರೆಯುತ್ತಿದ್ದೇನೆ. ಸೌಜನ್ಯದಿಂದ ಬರೆದವಕ್ಕೆ ನೀವು ಉತ್ತರ ಕೊಡಲಿಲ್ಲ.

ಹಲವು ದೇಶಗಳಲ್ಲಿ ಹರಡಿರುವ ಸಂಶೋಧನೆಯನ್ನು ಹೇಗೆ ನಿರ್ವಹಿಸಬೇಕೆಂದು ನೀವು ಊರೂರು ಸುತ್ತಿ ಭಾಷಣ ಮಾಡುತ್ತೀರಿ. 'ಹತ್ತು ದೇಶ, ಒಂದೇ ಮಿದುಳು' ಎಂಬುದು ನಿಮ್ಮ ಘೋಷಣೆ. ನಮ್ಮ ಗೋಡೆಗೂ ಅದನ್ನು ಅಂಟಿಸಿದ್ದಿರಿ. ಆ ಒಂದು ಮಿದುಳು ಯಾರದೆಂದು ಅಂದೇ ಕೇಳಬೇಕಿತ್ತು. ನಮ್ಮಲ್ಲಿ ಹುಟ್ಟಿದ ಯಾವ ವಿಚಾರವೂ ನಿಮ್ಮ ಸಮಿತಿಗಳ ಬಾಗಿಲುಗಳನ್ನು ಒಂದೊಂದಾಗಿ ದಾಟಬೇಕು. ಒಂದೊಂದು ಬಾಗಿಲಲ್ಲೂ ಆ ಪದಾರ್ಥವನ್ನು ಜನ್ಮದಲ್ಲಿ ಬೇಯಿಸದ ಮಹನೀಯರೊಬ್ಬರು ಕುಳಿತು ಅದು ಹೇಗೆ ಬೇಯಬೇಕೆಂದು ತೀರ್ಪು ಕೊಡಬೇಕು. ಇದಕ್ಕೆ ನಿರ್ವಹಣೆ ಎಂದು ಹೆಸರು. ನಮ್ಮೂರ ಮೀನು ಮಾರುಕಟ್ಟೆಯ ದಲ್ಲಾಳಿ ಕೂಡ ಮೀನನ್ನು ಮೂಸಿ ನೋಡದೆ ಬೆಲೆ ಹೇಳುವುದಿಲ್ಲ, ಸ್ವಾಮಿ.

ಒಮ್ಮೆ ನೀವು ಇಲ್ಲಿಗೆ ಬಂದಿದ್ದಿರಿ. ನನ್ನ ಸೋದರತ್ತೆ ಮನ್ನೂಬಿಯಾ ಅವರ ಮನೆಯಲ್ಲಿ ಮೀನಿನ ಕುಸ್ಕುಸ್ ಬಡಿಸಿದೆವು. ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಿರಿ, ಬೆವರು ಒರೆಸಿಕೊಳ್ಳುತ್ತ ಹೊಗಳಿದಿರಿ. ಅತ್ತೆ ಕೈಹಿಡಿದು ಕರೆದರು: "ಬನ್ನಿ ಸಾಹೇಬ್ರೇ, ಒಲೆ ಹತ್ರ ಬನ್ನಿ. ಹೆಂಗೆ ಮಾಡೋದು ಅಂತ ನೋಡ್ಕೊಂಡ್ ಹೋಗಿ." ನೀವು ಗಡಿಯಾರ ನೋಡಿ, ವಿಮಾನಕ್ಕೆ ಹೊತ್ತಾಯಿತು ಎಂದಿರಿ. ಅಂದು ಅಡುಗೆಮನೆಯ ಹೊಸ್ತಿಲು ದಾಟಿದ್ದರೆ ನಿಮಗೆ ಕಾಣುತ್ತಿತ್ತು. ಕೆಳಗಿನ ಪಾತ್ರೆಯಲ್ಲಿ ಸಾರು ಕುದಿಯುತ್ತದೆ, ಮೇಲಿನ ತೂತುಪಾತ್ರೆಯಲ್ಲಿ ರವೆ ಆ ಹಬೆಯಲ್ಲೇ ಬೇಯುತ್ತದೆ. ಮೇಲಿನ ಪಾತ್ರೆಯ ಬಾಯಿ ತೆರೆದೇ ಇರುತ್ತದೆ. ಮುಚ್ಚಿದರೆ ಹಬೆ ಮುಚ್ಚಳಕ್ಕೆ ಬಡಿದು ನೀರಾಗಿ ತೊಟ್ಟಿಕ್ಕುತ್ತದೆ, ರವೆ ಮುದ್ದೆಗಟ್ಟುತ್ತದೆ. ಇದನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಿಮಗೆ ಹೇಳಿಕೊಡಬೇಕಾಯಿತು, ಹೇಳಿಯೂ ಕೊಟ್ಟೆವು. ವಿಡಿಯೊ ಸಭೆಯಲ್ಲಿ ನಡೆದ ಆ ಮಾತು ನನಗೆ ಕಂಠಪಾಠವಾಗಿದೆ.

"ಮುಚ್ಚಳ ಎಲ್ಲಿ?" ಎಂದಿರಿ.

"ಇದಕ್ಕೆ ಮುಚ್ಚಳ ಇರಲ್ಲ ಸರ್," ಎಂದ ಝುಹೈರ್.

"ಇರಲ್ಲ ಅಂದ್ರೇನ್ರೀ? ನಮ್ಮ ಕಂಪನಿಯ ಎಲ್ಲಾ ಪಾತ್ರೆಗೂ ಮುಚ್ಚಳ ಇದೆ. ನಲವತ್ತು ದೇಶದಲ್ಲಿ ಮಾರ್ತೀವಿ."

"ಆ ನಲವತ್ತರಲ್ಲಿ ಕುಸ್ಕುಸ್ ಬೇಯ್ಸೋರು ಯಾರೂ ಮುಚ್ಚಲ್ಲ ಸರ್. ಮುಚ್ಚಿದ್ರೆ ಅಂಟಾಗತ್ತೆ."

"ಅದು ನಿಮ್ಮ ಅಭಿಪ್ರಾಯ. ನಮ್ಮದು ಮಾನದಂಡ."

ನಾನು ಬಾಯಿ ಹಾಕಿದೆ, ವಾದಿಸಿದೆ. ನನ್ನ ಧ್ವನಿಯನ್ನು ನಿಮ್ಮ ಕಡೆಯವರು ನಿಲ್ಲಿಸಿದರು. ಮುಚ್ಚಳ ಬಂತು. ಬರೀ ಬರಲಿಲ್ಲ, ಅದು ಭದ್ರವಾಗಿ ಕೂರದಿದ್ದರೆ ಪಾತ್ರೆ ಕಾಯುವುದೇ ಇಲ್ಲವೆಂಬ ಏರ್ಪಾಡಿನೊಂದಿಗೆ ಬಂತು. ಮುಚ್ಚಳ ಇದ್ದ ಮೇಲೆ ತೆರೆದ ಬಾಯಿಯ ಹಬೆಯನ್ನು ಗಮನಿಸುವ ಝುಹೈರನ ಉಪಾಯ ಏಕೆ ಬೇಕೆಂದು ಅದನ್ನೂ ಕಿತ್ತು ಹಾಕಿದಿರಿ.

ಪಾತ್ರೆ ಅಂಗಡಿಗೆ ಬಂದ ವಾರವೇ ಅತ್ತೆ ನನ್ನ ಮೇಲಿನ ಪ್ರೀತಿಗೆ ಒಂದನ್ನು ಕೊಂಡರು. ಅಂದು ಝುಹೈರನನ್ನೂ ಊಟಕ್ಕೆ ಕರೆದಿದ್ದೆ. ಅತ್ತೆ ಮುಚ್ಚಳ ತೆಗೆದು, ಸೌಟಿನಲ್ಲಿ ಚುಚ್ಚಿ ನೋಡಿ, "ಇದೇನೇ ಶಾದ್ಲಿಯಾ, ಉಣ್ಣೋದಕ್ಕೋ, ಗೋಡೆಗೆ ಮೆತ್ತೋದಕ್ಕೋ? ಇದನ್ನ ಮಾಡಿದೋನು ಅವರಮ್ಮನ ಕೈಯಲ್ಲಿ ಒಂದು ದಿನವೂ ಉಂಡಿಲ್ಲ ಬಿಡು" ಎಂದರು. ಮಾಡಿದವನು ಪಕ್ಕದಲ್ಲೇ ಕುಳಿತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿ ಆ ಮುದ್ದೆಯನ್ನು ಪೂರ್ತಿ ತಿಂದ.

ಪಾತ್ರೆಗಳು ಅಂಗಡಿಗಳಿಗೆ ವಾಪಸು ಬಂದವು. ಆಗ ನೀವು ಪತ್ರಿಕೆಗಳಿಗೆ ಏನೆಂದು ಹೇಳಿಕೆ ಕೊಟ್ಟಿರಿ? 'ಸ್ಥಳೀಯ ವಿನ್ಯಾಸಕ ಝುಹೈರ್ ಗರ್ಗೂರಿ ಅವರಿಗೆ ಸ್ಥಳೀಯ ರುಚಿಯ ಅರಿವಿರಲಿಲ್ಲ.' ಸ್ಫಾಕ್ಸ್‌ನಲ್ಲಿ ಹುಟ್ಟಿದವನಿಗೆ ಕುಸ್ಕುಸ್‌ನ ಅರಿವಿರಲಿಲ್ಲ! ಗೆದ್ದಾಗ 'ನಮ್ಮ ಜಾಗತಿಕ ತಂಡ' ಎನ್ನುವವರು ಸೋತಾಗ ಮಾತ್ರ ಒಬ್ಬ ಹುಡುಗನ ಹೆಸರು, ಮನೆತನ, ಊರು ಸಮೇತ ಹೇಗೆ ನೆನಪಿಟ್ಟುಕೊಂಡಿರಿ? ಆಮೇಲೆ ಟ್ಯೂನಿಸ್‌ನ ಒಂದು ಕಂಪನಿ ಅವನನ್ನು ಸಂದರ್ಶನಕ್ಕೆ ಕರೆಯಿತು. ಎದುರಿಗಿದ್ದವರು ಮೊದಲು ಕೇಳಿದ ಪ್ರಶ್ನೆ ಇದು: "ಓಹೋ, ಮುಚ್ಚಳದ ಮಹಾಶಯರು ನೀವೇನಾ? ನಿಮ್ಮ ಪಾತ್ರೆ ನಮ್ಮನೇಲೂ ಇದೆ ಕಣ್ರೀ. ಪುದೀನ ನೆಟ್ಟಿದೀವಿ." ಎಲ್ಲರೂ ನಕ್ಕರಂತೆ. ಅವನೂ ನಗಬೇಕಾಯಿತಂತೆ.

ಅಷ್ಟಕ್ಕೂ ನಿಮಗೆ ಸಮಾಧಾನವಾಗಲಿಲ್ಲ. ಸರಿಯಾದ ವಿನ್ಯಾಸ ಕೈಯಲ್ಲಿದ್ದೂ ಕೆಟ್ಟದ್ದನ್ನು ಮಾರಿದಿರೆಂದು ಗ್ರಾಹಕರು ಪರಿಹಾರ ಕೇಳಿಯಾರೆಂಬ ಭಯಕ್ಕೆ, ತೆರೆದ ಬಾಯಿಯ ಪಾತ್ರೆ ಝುಹೈರನ ಸ್ವಂತ ಕಲ್ಪನೆ, ಸಂಸ್ಥೆಗೆ ಅದರೊಂದಿಗೆ ಯಾವ ಸಂಬಂಧವೂ ಇಲ್ಲ, ಅದರ ಮೇಲೆ ಯಾವ ಹಕ್ಕೂ ಇಲ್ಲ, ಅವನು ಅದನ್ನು ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ನಿಮ್ಮ ವಕೀಲರೇ ಬರೆದುಕೊಟ್ಟು ಕೈತೊಳೆದುಕೊಂಡರು. ಈಗ ಮೊರಾಕೊ, ಅಲ್ಜೀರಿಯಾಗಳ ಮಾರುಕಟ್ಟೆ ಕಣ್ಣಿಗೆ ಬಿದ್ದಿದೆ. ತೊಳೆದ ಕೈಯನ್ನೇ ಮತ್ತೆ ಚಾಚಿದ್ದೀರಿ.

ಚಾಚಿ. ಪೇಟೆಂಟ್ ಸಿಗಬೇಕಾದರೆ ವಿಷಯ ಹೊಸದಾಗಿರಬೇಕು, ಲೋಕಕ್ಕೆ ಮೊದಲೇ ತಿಳಿದಿರಬಾರದು. ಈ ನಿಯಮವನ್ನು ನಮಗೆ ಪಾಠ ಮಾಡಿದವರು ನೀವೇ. ಆದ್ದರಿಂದ ಈ ಪತ್ರಿಕೆ ಓದುವ ಎಲ್ಲರೂ ಕೇಳಿಸಿಕೊಳ್ಳಿ, ಝುಹೈರ್ ಗರ್ಗೂರಿಯ ಉಪಾಯ ಹೀಗಿದೆ. ತೂತುಪಾತ್ರೆಯ ತೆರೆದ ಬಾಯಿಗೆ ಅಡ್ಡಲಾಗಿ ಒಂದು ತೆಳು ಪಟ್ಟಿ ಇಡಬೇಕು. ಪಟ್ಟಿಯ ನಡುವೆಯೂ ಎರಡು ತುದಿಗಳಲ್ಲೂ ಹಬೆಯ ಬಿಸಿ ಗುರುತಿಸುವ ಸಣ್ಣ ಗುಂಡಿಗಳಿರಬೇಕು. ಹಬೆ ನಡುವಿನಲ್ಲಿ ಮಾತ್ರ ಎದ್ದರೆ ಅಂಚಿನ ರವೆ ಇನ್ನೂ ಹಸಿ ಎಂದರ್ಥ, ಪಾತ್ರೆ ಸುಮ್ಮನಿರುತ್ತದೆ. ಎಲ್ಲ ಕಡೆಯೂ ಸಮನಾಗಿ ಎದ್ದಾಗ ಪಾತ್ರೆ ತಾನೇ ಕಾವು ತಗ್ಗಿಸಿ ಗಂಟೆ ಬಾರಿಸುತ್ತದೆ. ಆಗ ರವೆಯನ್ನು ಅಗಲ ತಟ್ಟೆಗೆ ಸುರಿದು, ತಣ್ಣೀರು ಚಿಮುಕಿಸಿ, ಕೈಯಲ್ಲಿ ಉದುರಿಸಿ ಮತ್ತೆ ಏರಿಸಬೇಕು. ಅಷ್ಟೇ. ಒಲೆಯ ಮುಂದೆ ಕಾವಲು ನಿಲ್ಲಬೇಕಿಲ್ಲ. ಯಾರು ಬೇಕಾದರೂ ಮಾಡಿ, ಮಾರಿ. ಇದು ಅಚ್ಚಾದ ಗಳಿಗೆಯಿಂದ ಇದು ಯಾರೊಬ್ಬರ ಸ್ವತ್ತೂ ಅಲ್ಲ.

ಹೌದು, ಇದರಿಂದ ಝುಹೈರನಿಗೂ ಪೇಟೆಂಟ್ ಸಿಗುವುದಿಲ್ಲ. ಅವನನ್ನು ಕೇಳದೆ ನಾನು ಬರೆದಿಲ್ಲ. ಬಂದರಿನ ಕಾಫಿ ಅಂಗಡಿಯಲ್ಲಿ ಕೂರಿಸಿಕೊಂಡು, "ಯೋಚ್ನೆ ಮಾಡೋ. ಹೋದ್ರೆ ಹೋಯ್ತು, ವಾಪಸ್ ಬರಲ್ಲ" ಎಂದೆ. ಅವನು ಹೇಳಿದ: "ಬರೆದ್ಬಿಡಿ ಅಕ್ಕಾ. ಉಪಾಯ ಊರೋರೆಲ್ಲ ತಗೊಳ್ಲಿ. ಆ ಮುಚ್ಚಳ ಒಂದು ನಂದಲ್ಲ ಅಂತ ಗೊತ್ತಾದ್ರೆ ಸಾಕು."

ನಿಮ್ಮ ಅರ್ಜಿಯನ್ನು ನಾನು ಹಾಳು ಮಾಡಿಯಾಯಿತು, ಅದಕ್ಕಾಗಿ ನಿಮ್ಮನ್ನು ಏನೂ ಕೇಳಬೇಕಿಲ್ಲ. ಕೇಳುವುದು ಇಷ್ಟೇ. ಅವನ ಮರ್ಯಾದೆ ಕಳೆದ ಅದೇ ಪತ್ರಿಕೆಗಳಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ನಿಮ್ಮ ಸಹಿಯೊಂದಿಗೆ ಒಂದು ವಾಕ್ಯ ಬರಬೇಕು: 'ಬೇಡವೆಂದರೂ ಕೇಳದೆ ಮುಚ್ಚಳ ಹಾಕಿಸಿದವನು ನಾನು.' ಇದನ್ನು ಯಾವ ಸಮಿತಿಯ ಬಾಗಿಲಿಗೂ ಕಳಿಸಬೇಡಿ. ನೀವೇ ಬರೆಯಿರಿ.

ಇಂತಿ,
ಈಗ ಯಾವ ಕೇಂದ್ರಕ್ಕೂ ಮುಖ್ಯಸ್ಥೆಯಲ್ಲದ, ಹಾಗಾಗಿ ನಿಮಗೆ ಹೆದರಬೇಕಿಲ್ಲದ
ಶಾದ್ಲಿಯಾ ಬೆನ್ ರಜಬ್
ಸ್ಫಾಕ್ಸ್