ಆಡುಗಳು ಇಳಿದ ಹಡಗಿನಿಂದ ಬೈರಮ್ಮ ಇಳಿಯಲಿಲ್ಲ

ದ್ವೀಪ ವಿಹಾರದ ಹಡಗಿಗೆ ಟಿಕೆಟ್ ಕೊಡುವ, ಮತ್ತು ಈಗ ಕೊಡದಿರುವ, ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯೊಡತಿ ಬೈರಮ್ಮನವರಿಗೆ ಬರುವ ಜನವರಿಯ ಹಡಗಿನಲ್ಲಿ ಜಾಗ ಕೊಡಲಾಗದೆಂದು ತಾವು ಬರೆದ ಪತ್ರ ತಲುಪಿತು. ಹಡಗು ತುಂಬಿದೆ ಎಂದಿದ್ದರೆ ಸುಮ್ಮನಾಗುತ್ತಿದ್ದೆ. ತಾವು ಕೊಟ್ಟ ಕಾರಣವೇ ಬೇರೆ. ಹಡಗಿನ ಪಕ್ಕಕ್ಕೆ ಇಳಿಬಿಡುವ ಏಣಿಯನ್ನು ಯಾರ ನೆರವೂ ಇಲ್ಲದೆ ಹತ್ತಿ ಇಳಿಯಲಾರದವರಿಗೆ ಇನ್ನು ಮುಂದೆ 'ಅವರದೇ ಹಿತದೃಷ್ಟಿಯಿಂದ' ಟಿಕೆಟ್ ಇಲ್ಲವಂತೆ. ಬೈರಮ್ಮನವರ ಹಿತ ಯಾವುದೆಂದು ಅವರನ್ನು ಕೇಳದೆಯೇ ತೀರ್ಮಾನಿಸುವ ಧೀರರು ನಮ್ಮ ಸೀಮೆಯಲ್ಲಿ ಈವರೆಗೆ ಹುಟ್ಟಿರಲಿಲ್ಲ. ಅವರ ವಠಾರದಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಬಾಡಿಗೆಗಿರುವ ನನಗೇ ಆ ಧೈರ್ಯ ಬಂದಿಲ್ಲ. ತಮಗೆ ಖಾಸಗಿಯಾಗಿ ಬರೆದಾಗಲೆಲ್ಲ ಅದೇ ಉತ್ತರ ಬಂದದ್ದರಿಂದ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ.

ತಾವು ಅವರನ್ನು ಕಂಡಿಲ್ಲ, ಆದ್ದರಿಂದ ಪರಿಚಯ ಮಾಡಿಕೊಡುತ್ತೇನೆ. ಬೈರಮ್ಮನವರು ಪೀಣ್ಯದ ಪಕ್ಕದ ನೆಲಗದರನಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಅವರ ರಾಗಿ ಹೊಲದ ಮೇಲೆ ಈಗ ಕಾರ್ಖಾನೆಯ ಶೆಡ್ಡುಗಳು ನಿಂತಿವೆ. ಉಳಿದ ಚೂರು ಜಾಗದಲ್ಲಿ ಸಾಲಾಗಿ ಕೋಣೆಗಳನ್ನು ಕಟ್ಟಿಸಿ, ಅದೇ ಶೆಡ್ಡುಗಳಲ್ಲಿ ದುಡಿಯುವ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅವರ ಮಂಡಿಗಳೆರಡೂ ಕೈಕೊಟ್ಟು ಬಹಳ ಕಾಲವಾಯಿತು. ಓಡಾಡುವುದೆಲ್ಲ ಒಂದು ಹಲಗೆಯ ಮೇಲೆ. ಅದಕ್ಕೆ ಹಳೆಯ ಬೇರಿಂಗುಗಳನ್ನು ಚಕ್ರವಾಗಿ ಹಾಕಿಕೊಟ್ಟವನು ವಠಾರದ ಇನ್ನೊಬ್ಬ ಬಾಡಿಗೆದಾರ, ವೆಲ್ಡರ್ ನಲ್ಲಪ್ಪ. ಕೈಯಲ್ಲಿ ನೆಲ ತಳ್ಳಿಕೊಂಡು ಬೈರಮ್ಮನವರು ಹೊರಟರೆ ಬೇರಿಂಗಿನ ಗರಗರ ಸದ್ದು ಅವರಿಗಿಂತ ಮುಂಚೆ ಬರುತ್ತದೆ. ಆ ಸದ್ದಿಗೆ ಸುರಿಯುವ ನಲ್ಲಿಗಳು ನಿಲ್ಲುತ್ತವೆ, ಹಗಲು ಉರಿಯುವ ಬಲ್ಬುಗಳು ಆರುತ್ತವೆ, ಗಂಡ ಹೆಂಡಿರ ಜಗಳ ಪಿಸುಮಾತಿಗೆ ಇಳಿಯುತ್ತದೆ. ನಡೆಯಲಾಗದವರು ಆಡಳಿತ ನಡೆಸಲಾರರು ಎಂದು ಯಾರಾದರೂ ತಿಳಿದಿದ್ದರೆ ನಮ್ಮ ವಠಾರಕ್ಕೆ ಬಂದು ಒಂದು ದಿನ ಇದ್ದು ನೋಡಬಹುದು.

ಇನ್ನು ನಾನು. ಪೀಣ್ಯದ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಅಭ್ಯಾಸಬಲದಿಂದ ಮನೆಯಲ್ಲೂ ಹುಡುಕುತ್ತೇನೆ, ಅದಕ್ಕೆ ಸಂಬಳವಿಲ್ಲ. ಮದುವೆಯಾಗಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಬೈರಮ್ಮನವರು ನಂಬಿದ್ದಾರೆ.

ಒಂದು ಸಂಜೆ ಮಾತಿಗೆ ಮಾತು ಬಂದು, ಕಾರ್ಖಾನೆಯವರ ಜೊತೆ ಮಂಗಳೂರಿಗೆ ಹೋಗಿದ್ದಾಗ ಕಂಡ ಕಡಲಿನ ಬಗ್ಗೆ ಅವರಿಗೆ ಹೇಳಿದೆ. ಒದ್ದೆ ಮರಳಿನಲ್ಲಿ ಕಾಲಿಟ್ಟು ಸುಮ್ಮನಿದ್ದರೆ, ಅಲೆ ಹಿಂದಕ್ಕೆ ಹೋಗುವಾಗ ಅಂಗಾಲಿನ ಕೆಳಗಿನ ಮರಳೂ ಜಾರಿಕೊಂಡು ಹೋಗುತ್ತದೆ, ಇದ್ದಲ್ಲೇ ಇದ್ದರೂ ನಡೆದ ಹಾಗಾಗುತ್ತದೆ ಎಂದೆ. ಅವರೆಕಾಯಿ ಸುಲಿಯುತ್ತಿದ್ದ ಬೈರಮ್ಮನವರ ಕೈ ನಿಂತಿತು.

"ಅಂದ್ರೆ ನಾವು ನಡೆಯಾಕಿಲ್ಲ, ನೆಲಾನೇ ನಡೀತದಾ?"

"ಹೂಂ ಕಣಮ್ಮ, ಹಾಗೇ ಅನ್ಸುತ್ತೆ."

"ಕುಂತ್ಕಂಡು ಕಾಲ್ ಇಟ್ರೂವೆ?"

"ಕೂತ್ಕೊಂಡ್ರೂ ಅಷ್ಟೇ."

"ಅಂಗಾರೆ ಅದೊಂದು ನೋಡ್ಬೇಕು ಕಣಮ್ಮಿ ಅನ್ಸೂಯಾ. ನಲ್ಲಪ್ಪನ್ ಗಾಡಿ ಮ್ಯಾಲೆ ಓಗೋದು ಬ್ಯಾರೆ, ನನ್ ಅಂಗಾಲೇ ನಡೆಯೋದು ಬ್ಯಾರೆ."

ಅದಕ್ಕೆ ಹಡಗೇ ಏಕೆ ಬೇಕಿತ್ತು, ಮಂಗಳೂರಿಗೇ ಕರೆದೊಯ್ಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮಂಗಳೂರಿನ ಅಲೆ ಎದ್ದು ಬಂದರೆ ಎದ್ದು ಓಡಬೇಕು; ಏಳುವುದೇ ಆಗದವರು ಓಡುವುದೆಲ್ಲಿಗೆ? ಅಷ್ಟರಲ್ಲಿ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು. ದ್ವೀಪದ ಒಳಗಿನ ಶಾಂತ ಕಡಲು, ಕೆರೆಯಷ್ಟು ಸಾಧು, ಮಂಡಿಗಿಂತ ಮೇಲೇರದ ಅಲೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಕುಟುಂಬಕ್ಕೆ ಆನಂದ. 'ಅಜ್ಜಿಯಿಂದ' ಎಂದು ಶುರುಮಾಡಿದವರು ತಾವೇ. ನನ್ನ ಕಾರ್ಖಾನೆ ರಜೆಯ ಪ್ರವಾಸಕ್ಕೆ ಭತ್ಯೆ ಕೊಟ್ಟಿತು, ಆದರೆ ಮನೆಯೊಡತಿ ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲವೆಂದಿತು. ಬೈರಮ್ಮನವರು ತಮ್ಮ ಟಿಕೆಟ್ಟನ್ನು ತಾವೇ ಕೊಂಡರು. ಕಳೆದ ಫೆಬ್ರವರಿಯಲ್ಲಿ ನಾವಿಬ್ಬರೂ ರೈಲಿನಲ್ಲಿ ಕೊಚ್ಚಿಗೆ ಹೋಗಿ ತಮ್ಮ ಹಡಗು ಹತ್ತಿದೆವು.

ಹತ್ತುವಾಗ ಏನೂ ತೊಂದರೆಯಾಗಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಬಂದರಿನಲ್ಲಿ ಅಗಲವಾದ ಹಲಗೆ ಹಾಕಿದ್ದರು. ಇಬ್ಬರು ಕೂಲಿಯವರು ಹಿಡಿದು ಗಾಡಿಯನ್ನು ಮೇಲಕ್ಕೆ ತಳ್ಳಿದರು. ಡೆಕ್ಕಿನ ನೆಲವಂತೂ ಬೈರಮ್ಮನವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಹೊಸಿಲಿಲ್ಲದ ಕಡೆಯೆಲ್ಲ ಗರಗರ ಸುತ್ತಿದರು. ಒಂದು ಮೂಲೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿರುವುದು ಕಂಡು, ದಾರಿಯಲ್ಲಿ ಹೋಗುತ್ತಿದ್ದ ಖಲಾಸಿಯನ್ನು ತಡೆದು ನಿಲ್ಲಿಸಿ, "ಸುತ್ತ ನೀರೈತೆ ಅಂತ ಇಂಗೆ ಬಿಟ್ಬಿಡೋದಾ?" ಎಂದು ವಿಚಾರಿಸಿಕೊಂಡರು. ಅವನು ಮಲಯಾಳಿ, ಕನ್ನಡ ಬಾರದು. ಆದರೂ ವಿಷಯ ಅವನಿಗೆ ಪೂರ್ತಿ ಅರ್ಥವಾಯಿತು. ಒಂದು ಚಿಂದಿ ತಂದು ನಲ್ಲಿಯ ಬಾಯಿಗೆ ಕಟ್ಟಿದ.

ಮಾರನೆಯ ಬೆಳಿಗ್ಗೆ ದ್ವೀಪ ಕಂಡಿತು. ಅಲ್ಲಿ ನೀರು ಆಳವಿಲ್ಲದ ಕಾರಣ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಪ್ರಯಾಣಿಕರು ಪಕ್ಕದ ಏಣಿಯಿಂದ ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಇದು ನಮಗೆ ಆಗಲೇ ಗೊತ್ತಾದದ್ದು. ಜಾಹೀರಾತಿನಲ್ಲಿ ಅಜ್ಜಿಗೆ ಜಾಗವಿತ್ತು, ಏಣಿಗೆ ಇರಲಿಲ್ಲ. ಬಿಳಿ ಸಮವಸ್ತ್ರದ ತಮ್ಮ ಅಧಿಕಾರಿಯೊಬ್ಬರು ಬೈರಮ್ಮನವರ ಗಾಡಿಯನ್ನೂ ಏಣಿಯನ್ನೂ ಒಮ್ಮೆ ನೋಡಿ, ಇವರು ಇಲ್ಲಿಂದಲೇ ನೋಡಲಿ, ನೋಟ ಬಹಳ ಚೆನ್ನಾಗಿರುತ್ತದೆ ಎಂದರು. ಉಳಿದವರು ಬೈರಮ್ಮನವರೊಬ್ಬರೇ ಅಲ್ಲ. ಎದೆಯ ಆಪರೇಷನ್ ಆಗಿದ್ದ ಮೇಷ್ಟ್ರು, ತುಂಬು ಬಸುರಿ, ಕೈಗೂಸು ಹೊತ್ತ ತಾಯಿ, ಏಣಿ ನೋಡಿಯೇ ತಲೆತಿರುಗಿ ಕೂತ ದಪ್ಪನೆಯ ಕಂಟ್ರಾಕ್ಟರು, ಎಲ್ಲರೂ ಕಂಬಿ ಹಿಡಿದು ನೋಟ ನೋಡುತ್ತ ಉಳಿದರು.

ಆ ನೋಟದಲ್ಲಿ ಮೊದಲು ಕಂಡದ್ದು ಆಡುಗಳು. ದ್ವೀಪದಲ್ಲಿ ಯಾರದೋ ಮನೆಯ ಔತಣಕ್ಕೆ ಬಂದವು. ಅವುಗಳನ್ನು ದಪ್ಪ ಹಗ್ಗದ ಬಲೆಯ ಜೋಲಿಯಲ್ಲಿ ನಿಲ್ಲಿಸಿ, ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ, ಮೇಲಕ್ಕೆತ್ತಿ, ಬಾಣಂತಿಯನ್ನು ಇಳಿಸುವಷ್ಟು ಜೋಪಾನವಾಗಿ ದೋಣಿಗೆ ಇಳಿಸಿದರು. ಆಡುಗಳ ಹಿಂದೆ, ರಜಾಯಿ ಸುತ್ತಿದ ಒಂದು ಕಬ್ಬಿಣದ ಬೀರು ಇಳಿಯಿತು.

"ಆ ಸಾಹೇಬ್ರನ್ನ ಕೇಳಮ್ಮಿ," ಎಂದರು ಬೈರಮ್ಮನವರು. "ಆಡಿಗೆ ನಾಕ್ ಮಂಡೀನೂ ಸರಿಯಾಗವೆ, ಅದಕ್ ಜೋಲಿ. ನಂಗಿರೋ ಎಲ್ಡೂ ಕೆಟ್ಟವೆ, ನಂಗ್ ಏಣಿ. ಇದ್ಯಾವ ನ್ಯಾಯ ಅಂತ ಕೇಳು."

ನಾನು ಕೇಳಿದೆ. ಅವು ಸರಕು, ಇವರು ಪ್ರಯಾಣಿಕರು, ಕ್ರೇನು ಇರುವುದು ಸರಕಿಗೆ ಎಂದರು ಅಧಿಕಾರಿಗಳು.

"ಅಂಗಾರೆ ನನ್ನೂ ಸರಕು ಅಂತ ಬರ್ಕೊಳ್ಳಿ ಅನ್ನು."

ಟಿಕೆಟ್ ಕೊಂಡವರನ್ನು ಸರಕೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಅವರು ಗಂಭೀರವಾಗಿ ಉತ್ತರಿಸಿದರು. ದುಡ್ಡು ಕೊಟ್ಟು ಆಡಿಗಿಂತ ಕಡಿಮೆಯಾಗುವುದು ಎಂದರೇನೆಂದು ನಾನು ಕಲಿತದ್ದು ತಮ್ಮ ಹಡಗಿನ ಮೇಲೆ.

ಇನ್ನು, ತಾವು ತಮ್ಮ ಪತ್ರದಲ್ಲಿ 'ಡೆಕ್ಕಿನ ಮೇಲೆ ನಡೆದ ಅಶಿಸ್ತು' ಎಂದು ಕರೆದಿರುವ ಸಂಗತಿಗೆ ಬರುತ್ತೇನೆ. ಬೈರಮ್ಮನವರು ನಲ್ಲಿ ಕಟ್ಟಿದ ಆ ಖಲಾಸಿಯನ್ನು ಕರೆದು, ಬಕೀಟು ತೋರಿಸಿ, ಹಗ್ಗ ತೋರಿಸಿ, ಸಮುದ್ರ ತೋರಿಸಿದರು. ಅವನು ಬಕೀಟಿಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟ. ಬಕೀಟು ನೀರಿನ ಮೇಲೆ ತೇಲುತ್ತ ಕೂತಿತು. ಬೈರಮ್ಮನವರು ಹಗ್ಗವನ್ನು ಅವನ ಕೈಯಿಂದ ಕಿತ್ತುಕೊಂಡರು. ಎಷ್ಟೋ ವರ್ಷ ಹೊಲದ ಬಾವಿಯಿಂದ ನೀರು ಸೇದಿದ ಕೈ ಅದು. ಹಗ್ಗವನ್ನು ಓರೆಯಾಗಿ ಒಂದು ಸಲ ಜಗ್ಗಿದರು, ಬಕೀಟು ಮಗುಚಿ ತುಂಬಿಕೊಂಡಿತು. ಆದರೆ ಬಾವಿಯ ಕಟ್ಟೆಯ ಮೇಲೆ ಬೇರಿಂಗ್ ಗಾಡಿ ಇರಲಿಲ್ಲ. ಅವರು ಬಕೀಟು ಎಳೆದರೆ ಗಾಡಿಯೇ ಸಮುದ್ರದ ಕಡೆಗೆ ಹೊರಟಿತು. ನಾನು ಹಿಂದಿನಿಂದ ಅವರ ಸೊಂಟ ತಬ್ಬಿ ಡೆಕ್ಕಿನ ಮೇಲೆ ಕೂತೆ. ಹಡಗಿಗೆ ಒಂದು ಲಂಗರು, ಬೈರಮ್ಮನವರಿಗೆ ಒಂದು.

ಮೊದಲ ಬಕೀಟನ್ನು ಅವರು ಪೂರ್ತಿ ತಮ್ಮ ತಲೆಯ ಮೇಲೆ ಸುರಿದುಕೊಂಡರು. ಎರಡನೆಯದು ನನ್ನ ಮೇಲೆ ಬಿತ್ತು, ನಾನು ಕೇಳಿರಲಿಲ್ಲ. ಆಮೇಲೆ ಮೇಷ್ಟ್ರು ಅಂಗಿ ಕಳಚಿ ಬಂದು ಕೈಮುಗಿದು ತಲೆ ಬಗ್ಗಿಸಿದರು. ಬಸುರಿ ಕಾಲು ಚಾಚಿ ಕೂತಳು. ಕಂಟ್ರಾಕ್ಟರು ಇನ್ನೊಂದು, ಇನ್ನೊಂದು ಎಂದು ಹಾಕಿಸಿಕೊಂಡರು. ಬೈರಮ್ಮನವರು ನೀರು ಸೇದುತ್ತಲೇ ಇದ್ದರು. ದ್ವೀಪಕ್ಕೆ ಹೋದವರಿಗಿಂತ ಉಳಿದವರು ಹೆಚ್ಚು ನಕ್ಕಿರಬೇಕು. ಡೆಕ್ಕು ಒದ್ದೆಯಾಯಿತು, ನಿಜ. ಸಮುದ್ರದ ಮೇಲೆ ಹೋಗುವ ಹಡಗು ಒದ್ದೆಯಾದದ್ದನ್ನು ದೂರಾಗಿ ಬರೆದ ಕಚೇರಿ ತಮ್ಮದೊಂದೇ ಇರಬಹುದು.

ಇಲ್ಲಿಗೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮಧ್ಯಾಹ್ನ ದೋಣಿ ಮತ್ತೆ ಹೊರಟಾಗ ಬೈರಮ್ಮನವರು ನನ್ನನ್ನು ದಬ್ಬಿ ಕಳಿಸಿದರು.

"ನೀನೋಗಿ ನೋಡ್ಕಂಬಾ. ಇಬ್ರೂ ಇಲ್ಲೇ ಕುಂತ್ರೆ ಅದೆಂಗಿತ್ತು ಅಂತ ಏಳೋರ್ಯಾರು?"

ಹೋದೆ. ಮರಳಿನಲ್ಲಿ ಕಾಲಿಟ್ಟು ನಿಂತೆ. ಅಲೆ ಬಂತು, ಹೋಯಿತು. ಅಂಗಾಲಿನ ಕೆಳಗೆ ಮರಳು ಜಾರಿತು. ಇಷ್ಟು ಚೆಂದದ್ದನ್ನು ಕದ್ದು ತಿಂದ ಹಾಗಾಯಿತು ನನಗೆ. ಅಲ್ಲಿ ನಿಂತು ಅತ್ತೆ, ಸಿಟ್ಟಿನಿಂದ ಅತ್ತೆ. ವಾಪಸು ಬಂದಾಗ ಬೈರಮ್ಮನವರು ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. ಬೆರಳ ಸಂದಿಯಲ್ಲಿ ಇನ್ನೂ ಮರಳಿತ್ತು.

"ನಡೀತಾ?"

"ನಡೀತು."

"ಎತ್ಲಾಗೆ?"

"ಸಮುದ್ರದ ಕಡೆಗೆ."

"ಅಂಗಾರೆ ಬರೋ ವರ್ಸ," ಎಂದರು.

ಆ ಬರುವ ವರ್ಷವೇ ತಾವು ಈಗ ಇಲ್ಲವೆಂದಿರುವ ಜನವರಿ. ನಮ್ಮ ವಠಾರದಲ್ಲಿ ಏನಾಗಿದೆ ಎಂಬುದೂ ತಮಗೆ ತಿಳಿದಿರಲಿ. ಹೊಸ ಕೋಣೆ ಕಟ್ಟಿಸಲು ಬೈರಮ್ಮನವರು ಒಂದು ಲೋಡು ಮರಳು ತರಿಸಿದ್ದರು. ತಮ್ಮ ಉತ್ತರ ಬಂದ ದಿನ ಆ ರಾಶಿಯ ಅಂಚಿಗೆ ಹೋಗಿ, ಮರಳಿನಲ್ಲಿ ಕಾಲು ಹೂತು ಕೂತು, ಕೊಡದಲ್ಲಿ ನೀರು ಸುರಿ ಎಂದು ನನಗೆ ಹೇಳಿದರು. ಸುರಿದೆ. ಇನ್ನೊಂದು ಕೊಡ ಎಂದರು. ಹನಿ ನೀರು ಪೋಲಾದರೂ ಪ್ರಾಣ ಬಿಡುವ ಹೆಂಗಸು ಕೊಡದ ಮೇಲೆ ಕೊಡ ಸುರಿಸಿದರು. ಕೊನೆಗೆ, "ಇದು ನಡೆಯಾಕಿಲ್ಲ ಬಿಡು, ಇದು ನಮ್ಮೂರ್ ಮರಳು," ಎಂದು ಕಾಲು ಒರೆಸಿಕೊಂಡರು. ಮೇಸ್ತ್ರಿಗೆ ಮಾತ್ರ ಆ ಮರಳು ಮುಟ್ಟಲು ಇನ್ನೂ ಬಿಟ್ಟಿಲ್ಲ.

ಮಾನ್ಯರೇ, ನನ್ನ ಕೆಲಸದ ಒಂದು ಮಾತು ಹೇಳುತ್ತೇನೆ. ತಯಾರಾಗಿ ಬಂದ ಬಿಡಿಭಾಗಗಳನ್ನು ನಾವು ಗೇಜು ಎಂಬ ಅಳತೆಯ ಸಾಧನ ಹಾಕಿ ನೋಡುತ್ತೇವೆ. ಗೇಜಿನೊಳಗೆ ಹೋದರೆ ಪಾಸು, ಹೋಗದಿದ್ದರೆ ಕೆಂಪು ಡಬ್ಬಿ. ಆದರೆ ಒಂದೇ ದಿನದಲ್ಲಿ ಕೆಂಪು ಡಬ್ಬಿ ತುಂಬಿಹೋದರೆ ನಾವು ಅವನ್ನು ಕಡೆದ ಟರ್ನರನ್ನು ಬೈಯುವ ಮೊದಲು ಗೇಜನ್ನೇ ಒಮ್ಮೆ ಅಳೆದು ನೋಡುತ್ತೇವೆ. ಅಜ್ಜಿ, ಮೇಷ್ಟ್ರು, ಬಸುರಿ, ಬಾಣಂತಿ, ಕಂಟ್ರಾಕ್ಟರು, ಇಷ್ಟು ಜನ ತಮ್ಮ ಏಣಿಯಲ್ಲಿ ಫೇಲಾದರು. ತಾವು ಕೆಂಪು ಡಬ್ಬಿಯನ್ನು ದೊಡ್ಡದು ಮಾಡಿದಿರಿ. ಏಣಿಯನ್ನು ಯಾರಾದರೂ ನೋಡಿದರೇ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಗಾದೆ ಇದೆ. ಆ ನೆಲ ನಿಜವಾಗಿಯೂ ಡೊಂಕಾಗಿತ್ತೋ ಏನೋ ಎಂದು ಪರೀಕ್ಷಿಸಿದವರು ಯಾರೂ ಇಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಆ ನಿಯಮವನ್ನು ಕಿತ್ತುಹಾಕಿ, ಬೈರಮ್ಮನವರಿಗೆ ಜನವರಿಯ ಹಡಗಿನಲ್ಲಿ ಜಾಗ ಕೊಡಿ. ಇಳಿಸುವುದಕ್ಕೆ ಕ್ರೇನು ತಮ್ಮಲ್ಲೇ ಇದೆ, ಕುರ್ಚಿ ನಾವು ತರುತ್ತೇವೆ. ನಲ್ಲಪ್ಪ ಆಗಲೇ ಮಾಡಿಟ್ಟಿದ್ದಾನೆ: ಕೈಹಿಡಿಯುಳ್ಳ ಕಬ್ಬಿಣದ ಕುರ್ಚಿ, ನಾಲ್ಕು ಮೂಲೆಗೂ ಕೊಕ್ಕೆ ಸಿಕ್ಕಿಸಲು ಬಳೆ, ಸೊಂಟಕ್ಕೆ ಪಟ್ಟಿ. ವಠಾರದ ಹೊಂಗೆ ಮರಕ್ಕೆ ಚೈನ್ ಪುಲ್ಲಿ ಕಟ್ಟಿ, ಮೊದಲು ರಾಗಿ ಮೂಟೆಗಳನ್ನು, ಆಮೇಲೆ ತನ್ನನ್ನೇ, ಕೊನೆಗೆ ಬೈರಮ್ಮನವರನ್ನು ಎತ್ತಿ ಇಳಿಸಿ ನೋಡಿದ್ದಾನೆ. ಅಷ್ಟು ಎತ್ತರದಿಂದ ತಮ್ಮ ಆಸ್ತಿಯನ್ನು ಅವರು ಮೊದಲ ಸಲ ಕಂಡರು. ಹೆದರಲಿಲ್ಲ. ಕೊನೆಯ ಕೋಣೆಯ ಮಾಡಿನ ಮೇಲೆ ಯಾರೋ ಅಪ್ಪಣೆಯಿಲ್ಲದೆ ಸಂಡಿಗೆ ಒಣಹಾಕಿದ್ದನ್ನು ಪತ್ತೆ ಹಚ್ಚಿಕೊಂಡು ಇಳಿದರು. ಆ ಸಂಡಿಗೆ ನನ್ನದು.

ಇಷ್ಟಾದ ಮೇಲೂ ಪ್ರಯಾಣಿಕರಿಗೆ ಕ್ರೇನು ಇಲ್ಲವೆಂದೇ ತಮ್ಮ ಹಟವಾದರೆ, ಅವರು ಸರಕಾಗಿ ಬರಲೂ ಸಿದ್ಧ. ಆಡಿಗೆ ಹಾಕುವ ದರವನ್ನೇ ಹಾಕಿ. ಮೂಟೆಯ ಮೇಲೆ 'ಜೋಪಾನ' ಎಂದು ಬರೆಯುವ ತೊಂದರೆ ತಮಗಿಲ್ಲ, ಆ ಮಾತನ್ನು ಅವರೇ ಹೇಳುತ್ತ ಇಳಿಯುತ್ತಾರೆ. ದಡದಲ್ಲಿ ಅವರ ಕಾಲಡಿಯ ನೆಲ ಒಂದು ಸಲ ನಡೆಯಲಿ. ಊರಿಗೆ ಬಂದು ವಠಾರದ ಆ ಮರಳಿನ ರಾಶಿಯನ್ನು ಮೇಸ್ತ್ರಿಗೆ ಬಿಟ್ಟುಕೊಡುತ್ತೇವೆ.

ಇಂತಿ,
ಏಣಿ ಇಳಿಯಬಲ್ಲೆ ಎಂಬ ಒಂದೇ ಅರ್ಹತೆಯಿಂದ ತಮ್ಮ ಲೆಕ್ಕದಲ್ಲಿ ಪ್ರಯಾಣಿಕಳಾದ,
ಬೈರಮ್ಮನವರ ಎರಡನೆಯ ಲಂಗರು,
ಅನುಸೂಯಮ್ಮ
ನೆಲಗದರನಹಳ್ಳಿ, ಪೀಣ್ಯ
ನವೆಂಬರ್ ೧೯೮೬